ಕೇಳಿದ ಕಥೆಯನ್ನು ನಾಟಕ ಮಾಡೋದು ಹೇಗೆ: ಆನ್‌ಸ್ಕಿ ಹಾಕಿಕೊಟ್ಟ ದಾರಿ

ಜಾತ್ರೆಗೆ ನಾಟಕ ಆಡಬೇಕು ಅಂದ ಕೂಡಲೇ ನಮ್ಮ ಲಿಂಗಸುಗೂರು ಸೀಮೆಯ ಹುಡುಗರು ಹಳೇ ನಾಟಕದ ಪುಸ್ತಕ ಹುಡುಕುತ್ತಾರೆ. ಹುಡುಕಬೇಡಿ. ನಿಮ್ಮ ಓಣಿಯಲ್ಲೇ ನಾಟಕ ಇದೆ. ಅದನ್ನು ಹೊರಗೆ ತೆಗೆಯೋದು ಹೇಗೆ ಅಂತ ನಾನು ಕಲಿತದ್ದು ಎಸ್. ಆನ್‌ಸ್ಕಿ ಎಂಬ ಯಹೂದಿ ಲೇಖಕನಿಂದ. ಆತ ಪತ್ರಕರ್ತ, ನಾಟಕಕಾರ. 1863ರಲ್ಲಿ ಈಗಿನ ಬೆಲಾರುಸ್‌ನಲ್ಲಿ ಹುಟ್ಟಿದವನು. ಮನೆಯವರು ಇಟ್ಟ ಹೆಸರು ಶ್ಲೋಯ್ಮೆ ರಪೊಪೋರ್ಟ್.

ನಾನು ಹಟ್ಟಿಯವನು. ಅಪ್ಪ ಚಿನ್ನದ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸಕ್ಕಿದ್ದರು. ನಾನು ಪತ್ರಿಕೆಗೆ ಸುದ್ದಿ ಕಳಿಸುತ್ತೇನೆ, ಬಿಡುವಾದಾಗ ನಾಟಕ ಬರೆಯುತ್ತೇನೆ. ಆನ್‌ಸ್ಕಿ ಕೂಡ ಹರೆಯದಲ್ಲಿ ದೊನ್‌ಬಾಸ್ ಎಂಬ ಗಣಿ ಸೀಮೆಯಲ್ಲಿ ಉಪ್ಪು, ಕಲ್ಲಿದ್ದಲು ಗಣಿ ಕಾರ್ಮಿಕರ ನಡುವೆ ಇದ್ದ. ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದ. ಯಾವುದು ಅವರಿಗೆ ಹಿಡಿಸಿತು ಅಂತ ನೋಡಿ, ಅದನ್ನೇ ಲೇಖನ ಮಾಡಿದ. ಅದಕ್ಕೇ ಇರಬೇಕು, ಅವನು ನನಗೆ ನಮ್ಮ ಕ್ಯಾಂಪಿನವನೇ ಅನ್ನಿಸುತ್ತಾನೆ.

ಮೊದಲು ವರದಿ ಬರೆಯಿರಿ, ನಾಟಕ ಆಮೇಲೆ. ಒಬ್ಬರ ಒಂದು ದಿನದ ಕೆಲಸದ ಬಗ್ಗೆ ಒಂದೇ ಪುಟ ಸಾಕು. ಎಷ್ಟು ಗಂಟೆಗೆ ಎದ್ದರು, ಡಬ್ಬಿಯಲ್ಲಿ ಏನು ಕಟ್ಟಿಕೊಂಡರು, ಯಾರ ಜೊತೆ ಹೋದರು. ಗೊತ್ತಿಲ್ಲದ್ದನ್ನು ತುಂಬಬೇಡಿ, ಹೋಗಿ ಕೇಳಿ. ಆನ್‌ಸ್ಕಿ ಹೆಸರು ಉಳಿಸಿದ ‘ಡಿಬ್ಬುಕ್’ (ಅಂದರೆ ಇನ್ನೊಬ್ಬರ ಮೈಮೇಲೆ ಬರುವ ಸತ್ತವರ ಆತ್ಮ) ನಾಟಕ ಬರೆಯುವಾಗ ಅವನಿಗೆ ಸುಮಾರು 50 ವರ್ಷ. ಅಷ್ಟು ಕಾಲ ವರದಿ, ಕಥೆ, ಲೇಖನ ಬರೆದು ಕೈ ಪಳಗಿತ್ತು.

ಇನ್ನು ಕೇಳುವ ಕೆಲಸ. ಇದಕ್ಕೇ ಜಾಸ್ತಿ ಸಮಯ ಕೊಡಿ. 1912ರಿಂದ 1914ರವರೆಗೆ ಆನ್‌ಸ್ಕಿ ಮತ್ತು ಅವನ ತಂಡ ವೊಲೀನಿಯಾ, ಪೊಡೋಲಿಯಾ ಸೀಮೆಯ ಯಹೂದಿ ಊರುಗಳನ್ನು ಸುತ್ತಿದರು. ಈಗ ಅದರ ಬಹುಭಾಗ ಉಕ್ರೇನ್‌ನಲ್ಲಿದೆ. ಹಾಡು, ಮಾತು ಹಿಡಿಯಲು ಮೇಣದ ಸಿಲಿಂಡರಿನ ಫೋನೋಗ್ರಾಫ್ ಒಯ್ದಿದ್ದರು, ಕ್ಯಾಮೆರಾನೂ ಇತ್ತು. 1914ರಲ್ಲಿ ಅಚ್ಚಾದ ಅವನ ಪ್ರಶ್ನೆಗಳ ಪುಸ್ತಕದಲ್ಲಿ 2087 ಪ್ರಶ್ನೆಗಳಿವೆ. ಮಗು ಹೊಟ್ಟೆಯಲ್ಲಿರುವಾಗಿನಿಂದ ಹಿಡಿದು ಸತ್ತ ಮೇಲೆ ಆತ್ಮಕ್ಕೆ ಏನಾಗುತ್ತೆ ಅನ್ನೋವರೆಗೆ.

ನಮಗೆ ಇಪ್ಪತ್ತು ಪ್ರಶ್ನೆ ಸಾಕು. ಆದರೆ ಸಣ್ಣ ಪ್ರಶ್ನೆ ಆಗಿರಲಿ. ‘ನಿಮ್ಮ ಜೀವನದ ಬಗ್ಗೆ ಹೇಳ್ರಿ’ ಅಂದರೆ ‘ಏನೈತಪ್ಪ ಹೇಳಾಕ’ ಅಂತ ಸುಮ್ಮನಾಗುತ್ತಾರೆ. ನಮ್ಮ ಓಣಿಯ ಅಜ್ಜಿಯೊಬ್ಬರನ್ನು ನಾನು ಕೇಳಿದ್ದು ಇಷ್ಟೇ: ‘ಯವ್ವಾ, ಅಜ್ಜ ಶಿಫ್ಟಿಗೆ ಹೋದಮ್ಯಾಲ ಕಸ ಯಾವಾಗ ಹೊಡಿತಿದ್ದಿ?’

‘ಹೋದವರ ಹಿಂದೇನ ಕಸ ಹೊಡಿಬಾರದಪ್ಪ. ಅವರು ತಿರುವು ದಾಟಬೇಕು’ ಅಂದರು. ಆಮೇಲೆ ತಾವಾಗೇ ಮುಂದುವರಿಸಿದರು. ಶಿಫ್ಟು ಬಿಡುವ ಸೈರನ್ ಆದ ಸ್ವಲ್ಪ ಹೊತ್ತಿಗೆ ಅಜ್ಜನ ಸೈಕಲ್ ಬೆಲ್ ಕೇಳಬೇಕು. ‘ಕೇಳಲಿಲ್ಲಂದ್ರ ರೊಟ್ಟಿ ಬಡಿಯೋದು ನಿಲ್ಲಿಸಿ ಕುಂದರತಿದ್ದೆ. ಹಿಟ್ಟು ಕೈಯಾಗ ಒಣಗತಿತ್ತು.’

ಇದೇ ದೃಶ್ಯ. ಒಂದು ಮಾತೂ ಬೇಕಿಲ್ಲ. ರಂಗದ ಮೇಲೆ ರೊಟ್ಟಿ ಬಡಿಯುವ ಸದ್ದು ನಡೆಯುತ್ತಿರಲಿ, ಸೈರನ್ ಆಗಲಿ, ಸ್ವಲ್ಪ ಹೊತ್ತಿಗೆ ಆ ಸದ್ದು ನಿಲ್ಲಲಿ. ಕ್ಯಾಂಪಿನ ಹೆಂಗಸರಿಗೆ ಯಾರೂ ವಿವರಿಸಬೇಕಾಗಿಲ್ಲ.

ಹೀಗೆ ಸಿಕ್ಕ ಹತ್ತು ಸಂಗತಿಯನ್ನೂ ಒಂದೇ ನಾಟಕಕ್ಕೆ ತುರುಕಬೇಡಿ. ಒಂದನ್ನು ಬೆನ್ನೆಲುಬು ಮಾಡಿ. ‘ಡಿಬ್ಬುಕ್’ನಲ್ಲಿ ಅದು ಮುರಿದ ಮಾತು. ಇಬ್ಬರು ಗೆಳೆಯರು ಮಕ್ಕಳು ಹುಟ್ಟುವ ಮೊದಲೇ ಅವರ ಸಂಬಂಧ ಗೊತ್ತು ಮಾಡುತ್ತಾರೆ. ಒಬ್ಬ ಸಾಯುತ್ತಾನೆ, ಇನ್ನೊಬ್ಬ ಸಾಹುಕಾರನಾಗಿ ಮಗಳು ಲೇಯಾಗೆ ದುಡ್ಡಿರುವ ಗಂಡನ್ನು ಹುಡುಕುತ್ತಾನೆ. ಸತ್ತ ಗೆಳೆಯನ ಮಗ, ಬಡ ಹುಡುಗ ಖೋನೆನ್ ಎದೆಯೊಡೆದು ಸತ್ತು, ಮದುವೆ ದಿನ ಲೇಯಾಳ ಮೈಮೇಲೆ ಬರುತ್ತಾನೆ. ಊರಿನ ನಡುವೆ ಒಂದು ಸಮಾಧಿ ಇದೆ: ಮದುವೆ ಮಂಟಪಕ್ಕೆ ಹೋಗುವಾಗ ಕೊಲೆಯಾದ ಮದುಮಕ್ಕಳದ್ದು. ಸಮಾಧಿ ಕಥೆ, ದೆವ್ವ ಬಿಡಿಸುವ ವಿಧಿ, ಮದುವೆ ಕುಣಿತ ಎಲ್ಲಾ ಜನರ ನಂಬಿಕೆಯಿಂದ ಬಂದದ್ದೇ. ಆದರೆ ಪ್ರತಿಯೊಂದೂ ಆ ಮುರಿದ ಮಾತಿನ ಕೆಲಸ ಮಾಡುತ್ತದೆ. ಮಾಡದಿದ್ದದ್ದನ್ನು ಬಿಟ್ಟುಬಿಡಿ, ಎಷ್ಟೇ ಚಂದ ಇರಲಿ.

ಇದು ನಮ್ಮ ಜನಕ್ಕೆ ದೂರದ ಕಥೆ ಅಲ್ಲ. ಮುದಗಲ್ ಮೊಹರಂ ನೋಡಿದವರಿಗೆ ಗೊತ್ತು, ಆಗ ಹಾಡುವ ರಿವಾಯತ್ ಪದಗಳಲ್ಲಿ ಹುಸೇನರ ಅಣ್ಣನ ಮಗ ಕಾಸೀಮನ ಮದುವೆ ಮತ್ತು ಕರ್ಬಲಾದಲ್ಲಿ ಅವನ ಸಾವು ಜೊತೆಗೇ ಬರುತ್ತವೆ. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಅದನ್ನು ಕೇಳಿ ಅಳುವವರು ಲೇಯಾಗೂ ಅಳುತ್ತಾರೆ, ಅಲ್ವಾ?

ಮಾತು ಕೇಳಿದ ಹಾಗೇ ಬರೆಯಿರಿ, ಪುಸ್ತಕದ ಭಾಷೆಗೆ ತಿದ್ದಬೇಡಿ. ಆನ್‌ಸ್ಕಿ ಮೊದಲು ರಷ್ಯನ್‌ನಲ್ಲಿ ಬರೆದ, ಆಮೇಲೆ ತನ್ನ ಜನರ ಆಡುಮಾತಾದ ಯಿದ್ದಿಷ್‌ಗೆ ತಂದ. ಹಾಡಿಗೆ ಜಾಗ ಬಿಟ್ಟು, ಪೇಟಿ ಮಾಸ್ತರನ್ನು ಮೊದಲ ದಿನದಿಂದಲೇ ತಾಲೀಮಿಗೆ ಕರೆಯಿರಿ.

ದೊಡ್ಡ ತಂಡ ಬಂದು ಆಡಲಿ ಅಂತ ಕಾಯಬೇಡಿ. ರಷ್ಯಾದ ಹೆಸರಾಂತ ನಾಟಕ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯೇ ‘ಡಿಬ್ಬುಕ್’ ಓದಿದ್ದ, ಆದರೂ ಅವನ ಮಾಸ್ಕೋ ಆರ್ಟ್ ಥಿಯೇಟರ್ ಅದನ್ನು ಆಡಲಿಲ್ಲ. 1920ರ ನವೆಂಬರ್‌ನಲ್ಲಿ ಆನ್‌ಸ್ಕಿ ತೀರಿಕೊಂಡ. ಡಿಸೆಂಬರ್ 9ಕ್ಕೆ ಪೋಲೆಂಡ್‌ನ ವಾರ್ಸಾದಲ್ಲಿ ವಿಲ್ನಾ ತಂಡ ಎಂಬ ಯಿದ್ದಿಷ್ ನಾಟಕ ತಂಡ ಅದನ್ನು ಮೊದಲ ಸಲ ಆಡಿತು. ಬರೆದವನು ನೋಡಲೇ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದಕ್ಕೇ ಹೇಳೋದು, ಶಾಲೆ ಅಂಗಳದಲ್ಲಿ, ನಾಲ್ಕು ಟ್ಯೂಬ್‌ಲೈಟ್ ಕಟ್ಟಿಯಾದರೂ ಈ ವರ್ಷವೇ ಆಡಿ.

ಆಡುವ ಮೊದಲು, ಕಥೆ ಹೇಳಿದವರ ಎದುರು ಒಮ್ಮೆ ಓದಿ. ಅವರು ಬೇಡ ಅಂದದ್ದು ಬೇಡ. ನಾಟಕದಲ್ಲಿ ಹೆಸರು ಬದಲಿಸಿ. ಮೊಬೈಲಿನಲ್ಲಿ ಹಿಡಿದ ಮಾತಿಗೆ ಊರು, ತಾರೀಕು, ಹೇಳಿದವರ ಹೆಸರು ಹಾಕಿ, ಒಂದು ಪ್ರತಿ ಅವರ ಮನೆಯವರಿಗೆ ಕೊಡಿ. ಇನ್ನೊಂದನ್ನು ಪೆನ್‌ಡ್ರೈವ್‌ಗೆ ಹಾಕಿಡಿ. ಆನ್‌ಸ್ಕಿ ತಂಡ ತುಂಬಿಸಿದ ಮೇಣದ ಸಿಲಿಂಡರುಗಳು ಕೀವ್‌ನ ವೆರ್ನಾದ್‌ಸ್ಕಿ ಗ್ರಂಥಾಲಯದಲ್ಲಿ ಉಳಿದಿವೆ. ಮೊಬೈಲ್ ಬದಲಿಸುವಾಗ ನಮ್ಮ ಅಜ್ಜಿಯರ ದನಿ ಅಳಿಸಿ ಹೋಗಬಾರದು.