ಕೆಲವರು ಲಸಿಕೆ ಬೇಡ ಅಂದರೆ ಎಲ್ಲರಿಗೂ ನಿರ್ಬಂಧ ಬೇಕಾ? ತೀರ್ಮಾನಕ್ಕೆ ಬರುವುದು ಹೇಗೆ

ಈ ಪ್ರಶ್ನೆಗೆ ಜನ ಎರಡೇ ನಿಮಿಷದಲ್ಲಿ ಉತ್ತರ ಕೊಡುತ್ತಾರೆ. "ಹಾಕಿಸಿಕೊಳ್ಳದವರಿಂದಲೇ ನಮಗೆಲ್ಲ ಈ ಗತಿ" ಅನ್ನುತ್ತಾರೆ ಒಬ್ಬರು. "ನನ್ನ ಮೈ, ನನ್ನಿಷ್ಟ" ಅನ್ನುತ್ತಾರೆ ಇನ್ನೊಬ್ಬರು. ಆಮೇಲೆ ಒಂದು ಗಂಟೆ ಜಗಳ.

ನಾನು ನರ್ಸ್. ಕೋವಿಡ್ ಕಾಲದಲ್ಲಿ ಸ್ವಲ್ಪ ದಿನ ಲಸಿಕೆ ಕೋಣೆಯಲ್ಲಿದ್ದೆ, ಜಾಸ್ತಿ ದಿನ ಐಸಿಯುನಲ್ಲಿ ಬೆಡ್ ಹೊಂದಿಸುವ ಕೆಲಸ ಮಾಡಿದೆ. ಯಾವ ಬೆಡ್ ಖಾಲಿ, ಯಾರನ್ನು ವಾರ್ಡಿಗೆ ಕಳಿಸಬಹುದು, ಎಮರ್ಜೆನ್ಸಿಯಲ್ಲಿ ಯಾರು ಕಾಯುತ್ತಿದ್ದಾರೆ, ಶಿಫ್ಟ್ ಪೂರ್ತಿ ಇದೇ. ಹಾಗಾಗಿ ಈ ಪ್ರಶ್ನೆ ನನಗೆ ಬೆಡ್ಡಿನ ಲೆಕ್ಕವಾಗಿಯೇ ಕಾಣುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾರೋ ಲಸಿಕೆ ಬೇಡ ಅಂದರು ಅನ್ನುವುದು ನಿರ್ಬಂಧಕ್ಕೆ ಕಾರಣವಾಗಬಾರದು. ಆಸ್ಪತ್ರೆ ತುಂಬುತ್ತಿದೆ ಅನ್ನುವುದು ಕಾರಣವಾಗಬಹುದು.

ಕೋವಿಡ್ ಈಗ ಜಾಗತಿಕ ತುರ್ತುಸ್ಥಿತಿ ಅಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿತು. ವಾದ ಮಾತ್ರ ನಿಂತಿಲ್ಲ. ಮುಂದೆ ಇನ್ನೊಂದು ಸೋಂಕು ಹಬ್ಬಿದಾಗ ಇದೇ ಜಗಳ ಮತ್ತೆ ಬರುತ್ತದೆ. ಆಗ ನೀವು ಶಾಲೆಯ ಸಮಿತಿಯಲ್ಲಿರಬಹುದು, ಆಫೀಸಿಗೆ ನಿಯಮ ಬರೆಯುತ್ತಿರಬಹುದು, ಇಲ್ಲವೇ ಮನೆಯಲ್ಲೇ ಅಣ್ಣತಮ್ಮಂದಿರ ನಡುವೆ ಸಿಕ್ಕಿಕೊಂಡಿರಬಹುದು. ಎಲ್ಲಿದ್ದರೂ ಕೇಳಬೇಕಾದ ಪ್ರಶ್ನೆಗಳು ಇವೇ.

ಯಾವ ನಿರ್ಬಂಧದ ಮಾತು ಇದು?

"ನಿರ್ಬಂಧ" ಅಂತ ಒಟ್ಟಾಗಿ ಮಾತಾಡಬೇಡಿ. ಆಸ್ಪತ್ರೆಯೊಳಗೆ ಮಾಸ್ಕ್ ಹಾಕುವುದು ಒಂದು. ಸಭೆಗೆ ಇಷ್ಟೇ ಜನ ಅನ್ನುವುದು ಇನ್ನೊಂದು. ಲಸಿಕೆ ಪ್ರಮಾಣಪತ್ರ ತೋರಿಸಿದರೆ ಮಾತ್ರ ಒಳಗೆ ಬಿಡುವುದು ಮತ್ತೊಂದು. ಶಾಲೆ ಮುಚ್ಚುವುದಂತೂ ಬೇರೆಯೇ ತೂಕದ್ದು. ಪ್ರತಿಯೊಂದಕ್ಕೂ ಬೆಲೆ ತೆರುವವರು ಬೇರೆ ಬೇರೆ.

2020ರ ಏಪ್ರಿಲ್ ಹೊತ್ತಿಗೆ ಪ್ರಪಂಚದಲ್ಲಿ 150 ಕೋಟಿಗೂ ಹೆಚ್ಚು ಮಕ್ಕಳು ಶಾಲೆ ಕಾಲೇಜುಗಳಿಂದ ಹೊರಗಿದ್ದರು. ಆಗ ಲಸಿಕೆಯೇ ಇರಲಿಲ್ಲ, ಅದನ್ನು ಅರ್ಥ ಮಾಡಿಕೊಳ್ಳಬಹುದು. ಆದರೆ ಲಸಿಕೆ ಬಂದ ಮೇಲೂ, ದೊಡ್ಡವರಲ್ಲಿ ಕೆಲವರು ಹಾಕಿಸಿಕೊಳ್ಳಲಿಲ್ಲ ಅಂತ ಮಕ್ಕಳ ತರಗತಿ ಮುಚ್ಚಿಡುವುದು ಯಾವ ನ್ಯಾಯ? ಈ ಕಾಯಿಲೆಯಿಂದ ಅಪಾಯ ಕಡಿಮೆ ಇದ್ದದ್ದು ಮಕ್ಕಳಿಗೆ. ಲಸಿಕೆ ಎಲ್ಲರಿಗಿಂತ ಕೊನೆಗೆ ಸಿಕ್ಕಿದ್ದೂ ಅವರಿಗೇ. ಒಂದು ಹಾಳೆ ತೆಗೆದುಕೊಂಡು ನಿರ್ಬಂಧದ ಹೆಸರು ಬರೆಯಿರಿ. ಅದರಿಂದ ಯಾರಿಗೆ ನಷ್ಟ ಅಂತ ಪಕ್ಕದಲ್ಲೇ ಬರೆಯಿರಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಹಾಕಿಸಿಕೊಳ್ಳದವರು ಅಂದರೆ ಯಾರ್‍ಯಾರು?

ಲಸಿಕೆ ಕೋಣೆಯಲ್ಲಿ ಕೂತವರಿಗೆ ಇದು ಬೇಗ ಗೊತ್ತಾಗುತ್ತದೆ. ಏನೇ ಹೇಳಿದರೂ ಬೇಡ ಅನ್ನುವವರು ಇದ್ದಾರೆ, ಇಲ್ಲ ಅನ್ನುತ್ತಿಲ್ಲ. ಆದರೆ ನನ್ನ ಮುಂದೆ ನಿಂತು ಹಿಂಜರಿದವರಲ್ಲಿ ಅವರು ಕಡಿಮೆ. ಒಬ್ಬ ಡ್ರೈವರ್ ಬಂದಿದ್ದ. ಹಾಕಿಸಿಕೊಂಡರೆ ಮರುದಿನ ಜ್ವರ ಬರಬಹುದು, ರಜೆ ಹಾಕಿದರೆ ಸಂಬಳ ಹಿಡಿಯುತ್ತಾರೆ ಅನ್ನುವುದೇ ಅವನ ತಕರಾರು. ಅವನಿಗೆ ಬೇಕಾಗಿದ್ದದ್ದು ಒಂದು ದಿನದ ಸಂಬಳ ಸಹಿತ ರಜೆ. ನನ್ನ ಜೊತೆ ಕೆಲಸ ಮಾಡುವವಳೊಬ್ಬಳು ಆಗ ಗರ್ಭಿಣಿ. ಮೊದಲ ದೊಡ್ಡ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲ. "ನನ್ನಂಥವರ ಮೇಲೆ ನೋಡಿಯೇ ಇಲ್ಲ, ಹೇಗೆ ಹಾಕಿಸಿಕೊಳ್ಳಲಿ ಅಕ್ಕಾ?" ಅಂದಳು. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಗರ್ಭಿಣಿಯರಿಗೆ ಲಸಿಕೆಗಿಂತ ಕೋವಿಡ್ಡೇ ಹೆಚ್ಚು ಅಪಾಯ ಅನ್ನುವ ಮಾಹಿತಿ ಬಂದ ಮೇಲೆ ತಾನೇ ಬಂದು ತೋಳು ಚಾಚಿದಳು.

ಇನ್ನು ಕೆಲವರಿಗೆ ಮೊದಲ ಡೋಸಿಗೇ ತೀವ್ರ ಅಲರ್ಜಿ ಆಗಿರುತ್ತದೆ. ಬಡ ದೇಶಗಳಲ್ಲಿ ಕೋಟ್ಯಂತರ ಜನರಿಗೆ 2021ರಲ್ಲಿ ಲಸಿಕೆ ಸಿಗಲೇ ಇಲ್ಲ. ಇವರನ್ನೆಲ್ಲ "ನಿರಾಕರಿಸಿದವರು" ಅಂತ ಒಂದೇ ಪಟ್ಟಿಗೆ ಸೇರಿಸಿದರೆ ಲೆಕ್ಕವೂ ತಪ್ಪುತ್ತದೆ, ಮಾಡಬೇಕಾದ ಕೆಲಸವೂ ತಪ್ಪುತ್ತದೆ. ಬೇಕು ಅಂದವರಿಗೆಲ್ಲ ಸಿಕ್ಕಿದೆಯಾ, ಕೈಗೆಟಕುವ ಜಾಗದಲ್ಲಿ, ಅವರಿಗೆ ಬಿಡುವಾಗುವ ಹೊತ್ತಿನಲ್ಲಿ? ಇಲ್ಲ ಅಂದರೆ ನಿರಾಕರಣೆಯ ಮಾತು ಆಮೇಲಿರಲಿ.

ಬೆಡ್ಡಿನ ಲೆಕ್ಕ

ಇದನ್ನು ನಿಧಾನವಾಗಿ ನೋಡಿ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು.

ಒಂದು ಕಡೆ 10,000 ವಯಸ್ಕರಿದ್ದಾರೆ ಅಂದುಕೊಳ್ಳಿ. 9,000 ಜನ ಹಾಕಿಸಿಕೊಂಡಿದ್ದಾರೆ, 1,000 ಜನ ಇಲ್ಲ. ಒಂದು ಅಲೆ ಬಂದಾಗ ಹಾಕಿಸಿಕೊಳ್ಳದ 100 ಜನರಲ್ಲಿ ಇಬ್ಬರು ಆಸ್ಪತ್ರೆ ಸೇರುತ್ತಾರೆ, ಲಸಿಕೆ ಆ ಅಪಾಯವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸುತ್ತದೆ ಅನ್ನಿ. ಹಾಕಿಸಿಕೊಳ್ಳದವರಿಂದ 20 ರೋಗಿಗಳು. ಹಾಕಿಸಿಕೊಂಡವರಿಂದ 18. ಒಟ್ಟು 38.

ಆಗ ಏನಾಗುತ್ತದೆ ಗೊತ್ತಾ? ಯಾರಾದರೂ ವಾರ್ಡಿಗೆ ಬಂದು ನೋಡಿ, "ಅರ್ಧಕ್ಕರ್ಧ ಜನ ಹಾಕಿಸಿಕೊಂಡವರೇ, ಲಸಿಕೆಯಿಂದ ಏನೂ ಪ್ರಯೋಜನ ಇಲ್ಲ" ಅಂತ ಎಲ್ಲರಿಗೂ ಹೇಳುತ್ತಾರೆ. ಆ 18 ಜನ 9,000ದಿಂದ ಬಂದವರು, ಈ 20 ಜನ ಬರೀ 1,000ದಿಂದ ಬಂದವರು ಅನ್ನುವುದು ಮರೆತುಹೋಗುತ್ತದೆ. ಯಾರ ಮೇಲೂ ಕೋಪ ಮಾಡಿಕೊಳ್ಳದೆ ಇದನ್ನು ವಿವರಿಸುವುದನ್ನು ಕಲಿತುಕೊಳ್ಳಿ, ಇದು ಮತ್ತೆ ಮತ್ತೆ ಬರುತ್ತದೆ.

ಈಗ ಮುಖ್ಯವಾದದ್ದು. ಎಲ್ಲರೂ ಹಾಕಿಸಿಕೊಂಡಿದ್ದರೆ 20 ಬೆಡ್ ಸಾಕಾಗುತ್ತಿತ್ತು. ಕೆಲವರು ಬೇಡ ಅಂದದ್ದರಿಂದ 18 ಜಾಸ್ತಿ ಬೇಕಾದವು. ನೀವು ಕೇಳಬೇಕಾದ್ದು ಇಷ್ಟೇ: ಆ 18 ಬೆಡ್ಡುಗಳನ್ನು ಆಸ್ಪತ್ರೆ ತಡೆದುಕೊಳ್ಳುತ್ತದಾ? 50 ಬೆಡ್, ಅಷ್ಟಕ್ಕೂ ನರ್ಸುಗಳು ಇದ್ದರೆ ತಡೆದುಕೊಳ್ಳುತ್ತದೆ. ಆಗ ಬೇಡ ಅಂದವರ ಆಯ್ಕೆಯ ಪರಿಣಾಮ ಬಹುಮಟ್ಟಿಗೆ ಅವರದ್ದೇ. ಎಲ್ಲರನ್ನೂ ಕಟ್ಟಿಹಾಕಲು ಕಾರಣ ಉಳಿಯುವುದಿಲ್ಲ. ಇರುವುದು 25 ಬೆಡ್ ಮಾತ್ರ ಅಂದರೆ ಕಥೆ ಬೇರೆ. ಆಗ ಹೃದಯಾಘಾತ ಆದವರಿಗೆ, ಅಪಘಾತದಲ್ಲಿ ಬಂದವರಿಗೆ ಜಾಗ ಇರುವುದಿಲ್ಲ. ಕ್ಯಾನ್ಸರ್ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಒಬ್ಬರ ಆಯ್ಕೆ ಇನ್ನೊಬ್ಬರ ಜೀವಕ್ಕೆ ತಾಗುವುದು ಆಗ. ಅಂಥ ಹೊತ್ತಿನಲ್ಲಿ ಕೆಲವು ವಾರ ಗುಂಪು ಸೇರುವುದನ್ನು ಕಡಿಮೆ ಮಾಡಿ ಅಂದರೆ ನಾನು ಒಪ್ಪುತ್ತೇನೆ. (ಬೆಡ್ ಅಂದರೆ ಮಂಚ ಅಲ್ಲ. ಮಂಚ ಎಲ್ಲಿಂದಾದರೂ ತರಬಹುದು. ವೆಂಟಿಲೇಟರ್ ನೋಡಿಕೊಳ್ಳಲು ಬಲ್ಲ ನರ್ಸನ್ನು ಒಂದು ವಾರದಲ್ಲಿ ತಯಾರು ಮಾಡಲು ಆಗುವುದಿಲ್ಲ. ಅಧಿಕಾರಿಗಳು ಬೆಡ್ ಸಂಖ್ಯೆ ಹೇಳಿದಾಗ ನರ್ಸುಗಳ ಸಂಖ್ಯೆಯನ್ನೂ ಕೇಳಿ.)

ಇನ್ನೊಂದು ವಿಷಯ, ವಯಸ್ಸು. ಆ 1,000 ಜನ 25 ವರ್ಷದವರಾ, 80 ದಾಟಿದವರಾ? ಶೇಕಡಾವಾರು ಒಂದೇ ಇದ್ದರೂ ಸಾವಿನ ಸಂಖ್ಯೆ ನೂರು ಪಟ್ಟು ಬೇರೆಯಾಗಬಹುದು. 2022ರ ಆರಂಭದಲ್ಲಿ ಹಾಂಗ್‌ಕಾಂಗ್‌ನಲ್ಲಿ ಆದದ್ದು ಇದೇ. ಎರಡು ವರ್ಷ ಬಿಗಿ ನಿಯಮ ಇಟ್ಟ ಊರು ಅದು. ಆದರೆ 80 ದಾಟಿದವರಲ್ಲಿ ಹೆಚ್ಚಿನವರು ಲಸಿಕೆ ಹಾಕಿಸಿಕೊಂಡಿರಲಿಲ್ಲ. ಕೋವಿಡ್ಡಿನ ಓಮಿಕ್ರಾನ್ ತಳಿ ಬಂದಾಗ ಅಲ್ಲಿನ ಸಾವಿನ ಪ್ರಮಾಣ ಪ್ರಪಂಚದಲ್ಲೇ ಅತಿ ಹೆಚ್ಚಿನ ಸಾಲಿಗೆ ಹೋಯಿತು. ಅದೇ ಹೊತ್ತಿಗೆ, ಅಂದರೆ 2022ರ ಫೆಬ್ರುವರಿ 1ಕ್ಕೆ, ಡೆನ್ಮಾರ್ಕ್ ತನ್ನ ನಿರ್ಬಂಧಗಳನ್ನು ತೆಗೆಯಿತು. ಅಲ್ಲಿ ಸೋಂಕು ಕಡಿಮೆ ಏನೂ ಇರಲಿಲ್ಲ, ಬಹಳ ಮೇಲಿತ್ತು. ಆದರೆ ವಯಸ್ಸಾದವರು ಹೆಚ್ಚುಕಡಿಮೆ ಎಲ್ಲರೂ ಹಾಕಿಸಿಕೊಂಡಿದ್ದರು, ಐಸಿಯು ತುಂಬುತ್ತಿರಲಿಲ್ಲ. ದಿನದ ಸೋಂಕಿನ ಸಂಖ್ಯೆ ನೋಡಿ ತೀರ್ಮಾನ ಮಾಡಬೇಡಿ ಅನ್ನುವುದು ಇದಕ್ಕೇ.

ಈ ಲಸಿಕೆ ಪಕ್ಕದವರನ್ನೂ ಕಾಯುತ್ತದಾ?

"ಎಲ್ಲರೂ ಹಾಕಿಸಿಕೊಂಡರೆ ಸೋಂಕೇ ನಿಲ್ಲುತ್ತದೆ, ಅಲ್ಲಿವರೆಗೆ ನಿರ್ಬಂಧ ಇರಲಿ" ಅನ್ನುವ ವಾದ ನಿಂತಿರುವುದು ಈ ಪ್ರಶ್ನೆಯ ಮೇಲೆ. ದಡಾರಕ್ಕೆ ಈ ವಾದ ಸರಿ. ಒಬ್ಬ ದಡಾರ ರೋಗಿ ರಕ್ಷಣೆ ಇಲ್ಲದ 12ರಿಂದ 18 ಜನರಿಗೆ ಹಬ್ಬಿಸಬಲ್ಲ, ಸುಮಾರು ಶೇ. 95ರಷ್ಟು ಜನರಿಗೆ ರಕ್ಷಣೆ ಇದ್ದರೆ ಹರಡುವುದು ನಿಲ್ಲುತ್ತದೆ. ಆ ಲಸಿಕೆ ಸೋಂಕನ್ನೇ ತಡೆಯುತ್ತದೆ, ಬಹುಕಾಲ ತಡೆಯುತ್ತದೆ.

ಕೋವಿಡ್ ಲಸಿಕೆಯ ಗುಣ ಬೇರೆ. 2020ರ ಕೊನೆಗೆ ಬಂದ ಫೈಜರ್ ಪ್ರಯೋಗದಲ್ಲಿ ಲಕ್ಷಣ ಇರುವ ಕಾಯಿಲೆಯ ವಿರುದ್ಧ ಶೇ. 95 ರಕ್ಷಣೆ ಕಂಡಿತ್ತು. ಆಗ ಎಲ್ಲರಿಗೂ ಆಸೆ ಹುಟ್ಟಿತು, ನನಗೂ. ತಿಂಗಳು ಕಳೆದಂತೆ ಸೋಂಕು ತಡೆಯುವ ಶಕ್ತಿ ಇಳಿಯಿತು. 2021ರ ನವೆಂಬರ್ 26ರಂದು ಹೆಸರಿಟ್ಟ ಓಮಿಕ್ರಾನ್ ಅದನ್ನು ಇನ್ನಷ್ಟು ಇಳಿಸಿತು. ಪ್ರಾಣ ಉಳಿಸುವ ಶಕ್ತಿ ಮಾತ್ರ ಚೆನ್ನಾಗಿಯೇ ಉಳಿಯಿತು. ಅಂದರೆ ಲಸಿಕೆ ಹಾಕಿಸಿಕೊಂಡವರನ್ನು ಕಾಯುವುದು ಹೆಚ್ಚು, ಪಕ್ಕದವರನ್ನು ಕಾಯುವುದು ಕಡಿಮೆ ಅಂತಾಯಿತು. ಹಾಗಾದ ಮೇಲೆ ಪ್ರಮಾಣಪತ್ರ ನೋಡಿ ಒಳಗೆ ಬಿಡುವ ನಿಯಮಕ್ಕೆ ಹೆಚ್ಚು ಬಲ ಇರಲಿಲ್ಲ. ಮೊದಲು ಇತ್ತಾ? ಇತ್ತು. ನಿಯಮ ಮಾಡಿದಾಗ ಸರಿಯಿದ್ದದ್ದು ಆರು ತಿಂಗಳಲ್ಲಿ ಸರಿ ಇಲ್ಲದೆ ಹೋಗಬಹುದು, ಅದಕ್ಕೇ ಈ ಪ್ರಶ್ನೆಯನ್ನು ಪ್ರತಿ ಹೊಸ ತಳಿ ಬಂದಾಗಲೂ ಮತ್ತೆ ಕೇಳಬೇಕು.

ಕಡ್ಡಾಯ ಬೇಕು ಅನ್ನುವವರು 1905ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ತೆಗೆಯುತ್ತಾರೆ. ಸಿಡುಬಿನ ಲಸಿಕೆ ಬೇಡ ಅಂದ ಜೇಕಬ್‌ಸನ್ ಎಂಬವರಿಗೆ ಹಾಕಿದ 5 ಡಾಲರ್ ದಂಡವನ್ನು ಕೋರ್ಟ್ ಎತ್ತಿಹಿಡಿದಿತ್ತು. ಒಪ್ಪೋಣ. ಆದರೆ ಸಿಡುಬು ಬಂದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು, ಲಸಿಕೆ ಹರಡುವುದನ್ನೇ ತಡೆಯುತ್ತಿತ್ತು. ಅಲ್ಲೂ ಹಾಕಿದ್ದು ದಂಡ, ಹಿಡಿದು ಸೂಜಿ ಚುಚ್ಚಲಿಲ್ಲ. ಭಾರತದ ಸುಪ್ರೀಂ ಕೋರ್ಟ್ 2022ರ ಮೇ 2ರಂದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಸೋಂಕು ಕಡಿಮೆ ಇರುವಾಗ ಹಾಕಿಸಿಕೊಳ್ಳದವರ ಮೇಲಿನ ನಿರ್ಬಂಧ ಅತಿಯಾಗುತ್ತದೆ ಎಂದೂ ಹೇಳಿತು. ಎರಡನ್ನೂ ಅದರದರ ಕಾಯಿಲೆಯ ಜೊತೆ ಇಟ್ಟು ಓದಿ.

ಲಸಿಕೆ ಹಾಕಿದರೂ ಹಿಡಿಯದವರು

ಕಿಡ್ನಿ ಕಸಿ ಮಾಡಿಸಿಕೊಂಡವರು, ಕೆಲವು ಬಗೆಯ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮೂರು ನಾಲ್ಕು ಡೋಸ್ ಹಾಕಿಸಿಕೊಂಡರೂ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ. ನಿರ್ಬಂಧ ತೆಗೆಯೋಣ ಅನ್ನುವವರು ಇವರನ್ನು ಮರೆಯುತ್ತಾರೆ. ಮುಂದುವರಿಸೋಣ ಅನ್ನುವವರು ಇವರ ಹೆಸರು ಹೇಳುತ್ತಾರೆ, ಆದರೆ ಏನು ಬೇಕು ಅಂತ ಇವರನ್ನೇ ಕೇಳುವುದಿಲ್ಲ. ನಾನು ನೋಡಿಕೊಂಡವರು ಯಾರೂ ಊರು ಮುಚ್ಚಿ ಅನ್ನಲಿಲ್ಲ. ಡಯಾಲಿಸಿಸ್ ಕೋಣೆಯಲ್ಲಿ ಎಲ್ಲರೂ ಮಾಸ್ಕ್ ಹಾಕಿರಲಿ, ಕಿಟಕಿ ತೆರೆದಿರಲಿ, ಜ್ವರ ಬಂದ ದಿನವೇ ಪರೀಕ್ಷೆ ಆಗಿ ಮಾತ್ರೆ ಸಿಗಲಿ ಅಂದರು. ಮಾಡಬಹುದಾದ ಕೆಲಸಗಳೇ. ಸೋಂಕು ಕಡಿಮೆಯಾದ ಮೇಲೂ ಇವು ಮುಂದುವರಿಯಬೇಕು.

ಸಿಟ್ಟನ್ನು ನಿಯಮ ಮಾಡಬೇಡಿ

ಐಸಿಯುನಲ್ಲಿ ನಮಗೂ ಸಿಟ್ಟು ಬರುತ್ತಿತ್ತು. ಡಬಲ್ ಶಿಫ್ಟ್ ಮುಗಿಸಿದವರಿಗೆ ಬರದೇ ಇರುತ್ತದಾ? ಆದರೆ ಸಿಗರೇಟು ಸೇದಿ ಶ್ವಾಸಕೋಶ ಹಾಳು ಮಾಡಿಕೊಂಡವರನ್ನೂ, ಹೆಲ್ಮೆಟ್ ಇಲ್ಲದೆ ಬಿದ್ದವರನ್ನೂ ನಾವು ಒಂದೇ ರೀತಿ ನೋಡಿಕೊಳ್ಳುತ್ತೇವೆ. ಸಿಂಗಾಪುರ 2021ರ ಡಿಸೆಂಬರ್ 8ರಿಂದ, ಬೇಕೆಂದೇ ಲಸಿಕೆ ಹಾಕಿಸಿಕೊಳ್ಳದ ಕೋವಿಡ್ ರೋಗಿಗಳಿಗೆ ಆಸ್ಪತ್ರೆ ಬಿಲ್ ಅವರೇ ಕಟ್ಟಬೇಕು ಅಂದಿತು. ನನಗೆ ಇದು ಇಷ್ಟವಾಗಲಿಲ್ಲ. ಬಿಲ್ಲಿಗೆ ಹೆದರಿ ತಡವಾಗಿ ಬರುವ ರೋಗಿಗೆ ಐಸಿಯುನೇ ಬೇಕಾಗುತ್ತದೆ.

ಒತ್ತಡ ಹಾಕಿದರೆ ಕೆಲಸ ಆಗುವುದೇ ಇಲ್ಲ ಅಂತಲೂ ಹೇಳಲಾರೆ. 2021ರ ಜುಲೈ 12ರಂದು ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರಾನ್ ಪ್ರಮಾಣಪತ್ರದ ನಿಯಮ ಹೇಳಿದ ಒಂದೇ ದಿನದಲ್ಲಿ ಸುಮಾರು ಒಂಬತ್ತು ಲಕ್ಷ ಜನ ಲಸಿಕೆಗೆ ಸಮಯ ಕಾಯ್ದಿರಿಸಿದರು. ಸೋಮಾರಿತನದಿಂದ ಕೂತವರು ಎದ್ದು ಬರುತ್ತಾರೆ. ಭಯ ಇರುವವರು ಬರುವುದಿಲ್ಲ, ಇನ್ನೂ ಗಟ್ಟಿಯಾಗುತ್ತಾರೆ. ಅವರ ಜೊತೆ ಮಾತಾಡಬೇಕು. ಎಂಆರ್‌ಎನ್‌ಎ ಲಸಿಕೆಯ (ಫೈಜರ್, ಮೊಡೆರ್ನಾ ಥರದವು) ನಂತರ ಹುಡುಗರಲ್ಲಿ ಅಪರೂಪಕ್ಕೆ ಹೃದಯದ ಸ್ನಾಯು ಊದಿಕೊಳ್ಳುವುದುಂಟು. ಅದನ್ನು ಅವರು ಕೇಳುವ ಮೊದಲೇ ಹೇಳಿ. ಮುಚ್ಚಿಟ್ಟದ್ದು ಬೇರೆ ಕಡೆಯಿಂದ ಗೊತ್ತಾದರೆ ಆಮೇಲೆ ನಿಮ್ಮ ಒಂದು ಮಾತನ್ನೂ ನಂಬುವುದಿಲ್ಲ.

ಬರೆಯುವಾಗ

ಲೆಕ್ಕ ಹಾಕಿ ನಿರ್ಬಂಧ ಬೇಕೇ ಬೇಕು ಅಂತಾಯಿತು ಅನ್ನಿ. ಆದೇಶದಲ್ಲಿ ಕೊನೆಯ ದಿನಾಂಕ ಹಾಕಿ. "ಮುಂದಿನ ಆದೇಶದವರೆಗೆ" ಅಂತ ಬರೆಯಬೇಡಿ. ಹಕ್ಕುಗಳ ಮೇಲಿನ ಮಿತಿ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು ಅಂತ ಅಂತರರಾಷ್ಟ್ರೀಯ ಕಾನೂನು ತಜ್ಞರು ರೂಪಿಸಿದ 1984ರ ಸಿರಾಕ್ಯೂಸಾ ತತ್ವಗಳಲ್ಲೇ ಇದೆ. ಆಸ್ಟ್ರಿಯಾದ ಕಡ್ಡಾಯ ಲಸಿಕೆ ಕಾನೂನು 2022ರ ಫೆಬ್ರುವರಿಯಲ್ಲಿ ಜಾರಿಗೆ ಬಂದು ಮಾರ್ಚ್‌ನಲ್ಲೇ ತಡೆ ಕಂಡಿತು, ಆಮೇಲೆ ರದ್ದೇ ಆಯಿತು. ಜಾರಿಗೆ ಬರುವಷ್ಟರಲ್ಲಿ ತಳಿ ಬದಲಾಗಿತ್ತು.

ನಿರ್ಬಂಧ ತೆಗೆಯುವ ಗುರುತು ಬೆಡ್ಡಿನಲ್ಲಿರಲಿ, ಲಸಿಕೆಯ ಶೇಕಡಾವಾರಿನಲ್ಲಿ ಬೇಡ. "ಐಸಿಯುನಲ್ಲಿ ಇಷ್ಟು ಬೆಡ್ ಎರಡು ವಾರ ಖಾಲಿ ಇದ್ದರೆ ತಾನಾಗೇ ತೆಗೆದಂತೆ" ಅಂತ ಬರೆಯಿರಿ. "ಶೇ. 95 ಆಗುವವರೆಗೆ" ಅಂತ ಬರೆದರೆ ಇನ್ನೂ ಹಾಕಿಸಿಕೊಳ್ಳದ ಕೆಲವರು ನೂರು ಜನರ ಬೀಗದ ಕೈ ಹಿಡಿದುಕೊಂಡಂತೆ, ಎಲ್ಲರ ಕೋಪವೂ ಅವರ ಮೇಲೆ ತಿರುಗುತ್ತದೆ. ಸಂಖ್ಯೆ ನೋಡುವವರು ಯಾರು, ಎಲ್ಲಿ ಪ್ರಕಟಿಸುತ್ತಾರೆ ಅನ್ನುವುದೂ ಅದೇ ಹಾಳೆಯಲ್ಲಿರಲಿ.

ಬರೆದಾದ ಮೇಲೆ ಇಬ್ಬರಿಗೆ ಓದಿ ಹೇಳಿ: ಲಸಿಕೆ ಬೇಡ ಅಂದವರೊಬ್ಬರಿಗೆ, ಕಸಿ ಮಾಡಿಸಿಕೊಂಡವರೊಬ್ಬರಿಗೆ. ಇದು ಯಾವಾಗ ಮುಗಿಯುತ್ತದೆ ಅಂತ ಇಬ್ಬರನ್ನೂ ಕೇಳಿ. ಇಬ್ಬರೂ ಒಂದೇ ಉತ್ತರ ಕೊಡದಿದ್ದರೆ ಮತ್ತೆ ಬರೆಯಿರಿ.