ಜೆಟ್ ದೂರ ಹಾರುತ್ತಿಲ್ಲವೇ? ಪಂಪ್ ಬಿಚ್ಚುವ ಮೊದಲು ಇಷ್ಟು ನೋಡಿ

ಫೆಬ್ರವರಿ, ಮಾರ್ಚ್ ಬಂತೆಂದರೆ ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯ ರೊಬಸ್ಟಾ ಕಾಫಿ ತೋಟಗಳಲ್ಲಿ ಜೆಟ್ (ದೂರಕ್ಕೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ತಿರುಗುವ ಕಾಲ. ಹೂವಿಗೆ ಕೊಡುವ ನೀರು ಒಂದರಿಂದ ಒಂದೂವರೆ ಇಂಚು ಆಗಲೇಬೇಕು. ಅರ್ಧಂಬರ್ಧ ನೆನೆದರೆ ಮೊಗ್ಗು ಪೂರ್ತಿ ಅರಳುವುದಿಲ್ಲ. ಹಾಗಾಗಿ ಪಂಪ್ ಸೋತರೆ ಡೀಸೆಲ್ ಮಾತ್ರ ದಂಡವಲ್ಲ, ಮುಂದಿನ ಫಸಲಿಗೂ ಏಟು ಬೀಳುತ್ತದೆ.

ಜೆಟ್ ನೀರು ಹತ್ತಿರಕ್ಕೇ ಬೀಳುತ್ತಿದೆ ಎಂದ ಕೂಡಲೇ ಸ್ಪ್ಯಾನರ್ ಹಿಡಿದು ಪಂಪ್ ಬಿಚ್ಚುವವರು ಜಾಸ್ತಿ. ದಯವಿಟ್ಟು ಬೇಡ. ಬಹಳ ಸಲ ತೊಂದರೆ ಇರುವುದು ಪಂಪಿನಲ್ಲಲ್ಲ, ಕೆರೆಯಲ್ಲಿ ಮುಳುಗಿರುವ, ಪೈಪಿನ ತುದಿಯ ಜಾಲರಿ ವಾಲ್ವ್ ಆದ ಫುಟ್‌ವಾಲ್ವ್‌ನಲ್ಲಿ ಅಥವಾ ನೀರು ಎಳೆಯುವ ಸಕ್ಷನ್ ಪೈಪಿನಲ್ಲಿ. ಎಲ್ಲಿದೆ ಅಂತ ತಿಳಿಯಲು ಎರಡು ಗೇಜ್ ಸಾಕು. ನೀರು ಹೊರಹೋಗುವ ಡೆಲಿವರಿ ಕಡೆ ಪ್ರೆಶರ್ ಗೇಜ್, ಸಕ್ಷನ್ ಕಡೆ ವ್ಯಾಕ್ಯೂಮ್ ಗೇಜ್. ಎರಡನೆಯದನ್ನು ನಮ್ಮ ತೋಟಗಳಲ್ಲಿ ಹಾಕಿಸುವವರೇ ಕಡಿಮೆ. ನಿಜವಾಗಿ ರೋಗ ಹೇಳುವುದು ಅದೇ.

ಮೊದಲು ವೇಗ ನೋಡಿ

ಎಂಜಿನ್ ಸದ್ದು ಕೇಳಿ ಅಂದಾಜು ಮಾಡಬೇಡಿ. ಟ್ಯಾಕೋಮೀಟರ್ ಹಿಡಿದು ನೋಡಿ. 1500 ಸುತ್ತು ತಿರುಗಬೇಕಾದ ಪಂಪ್ 1350ಕ್ಕೆ ಇಳಿದರೆ ನೀರು ಹತ್ತನೇ ಒಂದು ಭಾಗ ಕಡಿಮೆಯಾಗುತ್ತದೆ, ಆದರೆ ಪ್ರೆಶರ್ ಹತ್ತಿರ ಹತ್ತಿರ ಐದನೇ ಒಂದು ಭಾಗ ಬೀಳುತ್ತದೆ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಕಟ್ಟಿದೆಯೇ, ಬೆಲ್ಟ್ ಜಾರುತ್ತಿದೆಯೇ ನೋಡಿ. ತ್ರೀ ಫೇಸ್ ಮೋಟರ್ ಆಗಿದ್ದರೆ ತಿರುಗುವ ದಿಕ್ಕು ನೋಡಿ. ರಿಪೇರಿ ಆದ ಮೇಲೆ ವೈರ್ ಅದಲು ಬದಲಾದರೆ ಪಂಪ್ ಉಲ್ಟಾ ತಿರುಗುತ್ತದೆ. ಆಗಲೂ ನೀರು ಬರುತ್ತದೆ, ಆದರೆ ಜೋರಿರುವುದಿಲ್ಲ. ಅದಕ್ಕೇ ಈ ತಪ್ಪು ಬೇಗ ಗೊತ್ತಾಗುವುದಿಲ್ಲ.

ವಾಲ್ವ್ ಮುಚ್ಚಿ ಒಂದು ಪರೀಕ್ಷೆ

ವೇಗ ಸರಿ ಇದ್ದರೆ, ಪಂಪ್ ಓಡುತ್ತಿರುವಾಗಲೇ ಪಂಪಿನ ಪಕ್ಕದ ಡೆಲಿವರಿ ಗೇಟ್‌ವಾಲ್ವ್ ಅನ್ನು ನಿಧಾನವಾಗಿ ಪೂರ್ತಿ ಮುಚ್ಚಿ. ಪ್ರೆಶರ್ ಗೇಜಿನ ಮುಳ್ಳು ನಿಂತ ಜಾಗ ಓದಿಕೊಂಡು ತಕ್ಷಣ ತೆರೆಯಿರಿ. ಜಾಸ್ತಿ ಹೊತ್ತು ಬಿಟ್ಟರೆ ಒಳಗಿನ ನೀರು ಕಾಯುತ್ತದೆ, ಶಾಫ್ಟ್ ಸುತ್ತ ನೀರು ಹೆಚ್ಚು ಸೋರದಂತೆ ತಡೆಯುವ ಗ್ಲ್ಯಾಂಡ್ ಕೆಡುತ್ತದೆ.

ಈ ಪ್ರೆಶರ್ ಪಂಪ್ ಚೆನ್ನಾಗಿದ್ದಾಗ ಇದ್ದಷ್ಟೇ ಇದ್ದು, ಜೆಟ್ ಓಡುವಾಗ ಮಾತ್ರ ಬೀಳುತ್ತಿದ್ದರೆ ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಸವೆದಿರುವ ಸಾಧ್ಯತೆ ಕಡಿಮೆ. ಅಡ್ಡ ಇರುವುದು ಸಕ್ಷನ್‌ನಲ್ಲಿ, ಇಲ್ಲವೇ ಮುಂದೆ ಎಲ್ಲೋ ನೀರು ಪೋಲಾಗುತ್ತಿದೆ. ಮುಚ್ಚಿದಾಗಲೇ ಪ್ರೆಶರ್ ಕಡಿಮೆ ಇದ್ದರೆ ಮಾತ್ರ ಪಂಪಿನ ಒಳಗೆ ಸವೆತ ಎಂದುಕೊಳ್ಳಿ.

ಸಕ್ಷನ್: ಇಲ್ಲಿ ಅವಸರ ಬೇಡ

ಈಗ ವ್ಯಾಕ್ಯೂಮ್ ಗೇಜ್ ನೋಡಿ. ಕೆರೆಯ ನೀರಿನಿಂದ ಪಂಪ್ ಎಷ್ಟು ಮೀಟರ್ ಮೇಲಿದೆಯೋ ಅದನ್ನು 74ರಿಂದ ಗುಣಿಸಿ. ನಾಲ್ಕು ಮೀಟರ್ ಇದ್ದರೆ ಗೇಜ್ ಸುಮಾರು 300 ಮಿಲಿಮೀಟರ್ (ಪಾದರಸದ ಲೆಕ್ಕ) ತೋರಿಸಬೇಕು. ಪೈಪಿನ ಉಜ್ಜಾಟಕ್ಕೆ ಇನ್ನೊಂದಿಷ್ಟು ಸೇರಿಸಿ. ಗೇಜ್ 500 ದಾಟಿದ್ದರೆ ಫುಟ್‌ವಾಲ್ವ್ ಕಟ್ಟಿರುವ ಸಾಧ್ಯತೆಯೇ ಜಾಸ್ತಿ. ನಮ್ಮ ಕೆರೆಗಳಲ್ಲಿ ಮುಖ್ಯ ಕಾರಣ ಸಿಲ್ವರ್ ಓಕ್ ಎಲೆ. ಮಾರ್ಚ್ ಹೊತ್ತಿಗೆ ನೀರು ಇಳಿದು, ಕೊಳೆತ ಎಲೆ, ಕೆಸರು ಜಾಲರಿಗೆ ಅಂಟಿಕೊಂಡು ಚಕ್ಕೆಯ ಹಾಗೆ ಗಟ್ಟಿಯಾಗುತ್ತದೆ. ಮೇಲಿಂದ ಕೋಲಿನಲ್ಲಿ ಕೆದಕಿದರೆ ಹೋಗುವುದಿಲ್ಲ, ಎಳೆದು ತೆಗೆದೇ ಉಜ್ಜಬೇಕು. ತೊಳೆದ ಮೇಲೆ ಖಾಲಿ ಡ್ರಮ್ಮಿಗೆ ಕಟ್ಟಿ ತೇಲಿಸಿ. ಫುಟ್‌ವಾಲ್ವ್ ನೀರಿನಿಂದ ಎರಡು ಮೂರು ಅಡಿ ಕೆಳಗಿರಲಿ, ಕೆಸರಿನಿಂದ ಮೇಲಿರಲಿ.

ಮುಳ್ಳು ನಿಲ್ಲದೆ ಕುಣಿಯುತ್ತಿದ್ದರೆ ಪಂಪ್ ಏರ್ ಎಳೆಯುತ್ತಿದೆ. ಎಲ್ಲಿಂದ ಅಂತ ಹುಡುಕಲು ಪಂಪ್ ನಿಲ್ಲಿಸಿ, ಪ್ರೈಮಿಂಗ್ ಮುಚ್ಚಳ ತೆಗೆದು ಮೇಲಿನವರೆಗೆ ನೀರು ತುಂಬಿ ಹತ್ತು ನಿಮಿಷ ಕಾಯಿರಿ. ಏರ್ ಒಳಗೆ ಹೋಗುವ ಜಾಗದಿಂದಲೇ ಈಗ ನೀರು ಜಿನುಗುತ್ತದೆ. ಎಲ್ಲೂ ಜಿನುಗದೆ ನೀರು ಮಾತ್ರ ಇಳಿಯುತ್ತಿದ್ದರೆ ಫುಟ್‌ವಾಲ್ವಿನ ವಾಷರ್ ಹೋಗಿದೆ. ಗ್ಲ್ಯಾಂಡ್ ಮರೆಯಬೇಡಿ. ಓಡುವಾಗ ಅಲ್ಲಿಂದ ನೀರು ತೊಟ್ಟಿಕ್ಕಬೇಕು. ಪೂರ್ತಿ ಒಣಗಿದ್ದರೆ ಅಲ್ಲಿಂದ ಏರ್ ಹೋಗುತ್ತಿರಬಹುದು. ಪೈಪ್ ಕೆರೆಯಿಂದ ಪಂಪಿನವರೆಗೆ ಏರುತ್ತಲೇ ಬರಬೇಕು. ನಡುವೆ ಎಲ್ಲಾದರೂ ಉಬ್ಬಿದ್ದರೆ ಅಲ್ಲಿ ಏರ್ ಕೂರುತ್ತದೆ.

ಇನ್ನೊಂದು ಮಾತು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಅದರಿಂದ ಪಂಪ್ ಎಳೆಯುವ ಆಳ ಕರಾವಳಿಗಿಂತ ಒಂದು ಮೀಟರಿಗೂ ಸ್ವಲ್ಪ ಜಾಸ್ತಿಯೇ ಕುಗ್ಗುತ್ತದೆ. ಐದು ಮೀಟರ್ ಒಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಕೆರೆ ಇಳಿದಾಗ ಪಂಪನ್ನೂ ಕೆಳಗೆ ಇಳಿಸಿ. ಹಾಗೇ ಬಿಟ್ಟರೆ ಪಂಪಿನೊಳಗೆ ಜಲ್ಲಿ ಉರುಳಿದ ಸದ್ದು ಬರುತ್ತದೆ. ಒತ್ತಡ ಸಾಲದೆ ಏಳುವ ನೀರಿನ ಆವಿಯ ಗುಳ್ಳೆಗಳು ಒಡೆಯುವ ಸದ್ದು ಅದು. ಇಂಪೆಲ್ಲರ್ ಮೇಲೆ ಸಣ್ಣ ಸಣ್ಣ ಗುಳಿ ಬೀಳುವುದು ಇದರಿಂದಲೇ.

ನಾಝಲ್ ಅಳೆಯಿರಿ

ಸಕ್ಷನ್ ಸರಿ ಇದ್ದರೆ ಲೈನಿನ ಉದ್ದಕ್ಕೂ ನಡೆದು ಸೋರುವ ರಬ್ಬರ್ ರಿಂಗ್‌ಗಳನ್ನು ಬದಲಿಸಿ. ಆಮೇಲೆ ನಾಝಲ್. 12 ಮಿಲಿಮೀಟರ್ ನಾಝಲ್ ಸವೆದು 13 ಆದರೆ ನೋಡಲು ಏನೂ ಅನಿಸುವುದಿಲ್ಲ, ಆದರೆ ತೂತಿನ ವಿಸ್ತಾರ ಶೇ 17ರಷ್ಟು ಹೆಚ್ಚಾಗಿರುತ್ತದೆ. ಡ್ರಿಲ್ ಬಿಟ್ಟಿನ ನಯವಾದ ಹಿಂಬದಿ ತೂರಿಸಿ ನೋಡಿದರೆ ಗೊತ್ತಾಗುತ್ತದೆ. ಎಲ್ಲ ಜೆಟ್ ಸವೆದಿದ್ದರೆ ಯಾವ ಪಂಪ್ ತಾನೇ ಪ್ರೆಶರ್ ಹಿಡಿದೀತು? ಗುಡ್ಡದ ಲೆಕ್ಕವೂ ಇರಲಿ. ಜೆಟ್ 30 ಮೀಟರ್ ಮೇಲಿದ್ದರೆ ಗೇಜ್ ತೋರಿಸುವ ಪ್ರೆಶರ್‌ನಲ್ಲಿ ಮೂರು ಕೆಜಿ (ಚದರ ಸೆಂಟಿಮೀಟರಿಗೆ) ಅಲ್ಲಿಗೇ ಹೋಯಿತು.

ಬಿಚ್ಚಲೇಬೇಕಾದರೆ

ಮೋಟರ್ ಆದರೆ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಟ್ರ್ಯಾಕ್ಟರ್ ಆದರೆ ಕೀ ತೆಗೆಯಿರಿ. ಕಪ್ಲಿಂಗ್ ಹತ್ತಿರ ಲುಂಗಿ, ಟವೆಲ್ ಬೇಡವೇ ಬೇಡ.

ಇಂಪೆಲ್ಲರ್ ಬಾಯಲ್ಲಿ ಕಡ್ಡಿ, ಎಲೆ ಸಿಕ್ಕಿದೆಯೇ ನೋಡಿ. ಇಂಪೆಲ್ಲರ್ ಮತ್ತು ಅದರ ಬಾಯಿಯ ಸುತ್ತ ಇರುವ ವೇರ್ ರಿಂಗ್ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ. ಕಂಪನಿ ಹೇಳಿದ ಅಳತೆಯ ಎರಡರಷ್ಟಾಗಿದ್ದರೆ ರಿಂಗ್ ಬದಲಿಸಿ. ಆ ಸಂದಿಯಿಂದಲೇ ನೀರು ವಾಪಸ್ ಸಕ್ಷನ್‌ಗೆ ಹೋಗಿ ಒಳಗೊಳಗೇ ಸುತ್ತುತ್ತಿರುತ್ತದೆ. ತಿಂದುಹೋದ ಇಂಪೆಲ್ಲರ್‌ಗೆ ವೆಲ್ಡಿಂಗ್ ಮಾಡಿಸಿದರೆ ತೂಕ ಒಂದು ಕಡೆಗೆ ವಾಲಿ ಬೇರಿಂಗ್ ಹಾಳಾಗುತ್ತದೆ. ಹೊಸದು ಹಾಕಿಸುವುದೇ ವಾಸಿ. ಗ್ಲ್ಯಾಂಡ್ ಹಗ್ಗದ ಸುತ್ತುಗಳ ಜಾಯಿಂಟ್ ಒಂದರ ಮೇಲೊಂದು ಬರದಂತೆ ತಿರುಗಿಸಿ ಕೂರಿಸಿ. ಮುಚ್ಚಿದ ಮೇಲೆ ಶಾಫ್ಟ್ ಅನ್ನು ಕೈಯಲ್ಲಿ ತಿರುಗಿಸಿ, ಎಲ್ಲೂ ಉಜ್ಜುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಸ್ಟಾರ್ಟ್ ಮಾಡಿ.

ನೀರು ಸರಿಯಾಗಿ ಹಾರಲು ಶುರುವಾದ ದಿನವೇ ವೇಗ, ವಾಲ್ವ್ ಮುಚ್ಚಿದಾಗಿನ ಪ್ರೆಶರ್, ಓಡುವಾಗಿನ ಪ್ರೆಶರ್, ವ್ಯಾಕ್ಯೂಮ್ ನಾಲ್ಕನ್ನೂ ಪಂಪ್‌ಹೌಸ್ ಗೋಡೆಯ ಮೇಲೆ ಪೇಂಟಿನಲ್ಲಿ ಬರೆದಿಡಿ. ಗಿಡಗಳ ನಡುವೆ ನೇರ ಗೋಡೆಯ ನಾಲ್ಕೈದು ಡಬ್ಬಿ ಇಟ್ಟು, ಜೆಟ್ ಜಾಗ ಬದಲಿಸುವ ಮೊದಲು ಸ್ಕೇಲಿನಲ್ಲಿ ಅಳೆಯಿರಿ. ಎಲ್ಲ ಡಬ್ಬಿಯಲ್ಲೂ ಒಂದು ಇಂಚು ದಾಟಿದ ಮೇಲಷ್ಟೇ ಪೈಪ್ ಎತ್ತಿ.