ಕಾಸರಗೋಡಿನ ಸೆಕೆಯಲ್ಲಿ ಹೆಣಿಗೆ ಕೂಟ

ಚಂದ್ರಗಿರಿ ಹೊಳೆಯ ಈಚೆಗಾಗಲಿ ಆಚೆಗಾಗಲಿ ಸ್ವೆಟರ್ ಹಾಕುವಷ್ಟು ಚಳಿ ಯಾವ ತಿಂಗಳಲ್ಲೂ ಇಲ್ಲ. ಆದ್ದರಿಂದ ಕುಡಿತ, ನಿದ್ದೆಮಾತ್ರೆ ಬಿಡಲು ಚಿಕಿತ್ಸೆ ಪಡೆಯುತ್ತಿರುವ ಹೆಂಗಸರಿಗೆ ಹೆಣಿಗೆ ಕಲಿಸುತ್ತೇವೆ ಅಂದಾಗ ಜನ ನಕ್ಕದ್ದರಲ್ಲಿ ತಪ್ಪಿಲ್ಲ. ನಾವು ಉಲ್ಲನ್ ಮುಟ್ಟಲೇ ಇಲ್ಲ, ಹತ್ತಿ ನೂಲು ಹಿಡಿದೆವು. ಮೊದಲು ಪಾತ್ರೆ ಒರೆಸುವ ಬಟ್ಟೆ, ಕೈ ಕೂತ ಮೇಲೆ ಹಸುಗೂಸಿನ ಟೊಪ್ಪಿ. ತಿಂಗಳು ತುಂಬದೆ ಹುಟ್ಟಿದ ಮಗುವಿನ ಮೈ ಸೆಕೆಯ ಊರಲ್ಲೂ ಬೇಗ ತಣ್ಣಗಾಗುತ್ತದೆ, ಟೊಪ್ಪಿ ಬೇಕೇ ಬೇಕು.

ನಾನು ನಿವೃತ್ತ ಶಾಲಾ ಟೀಚರ್. ನನ್ನ ಜೊತೆ ಇನ್ನೂ ಕೆಲವರು ಸ್ವಯಂಸೇವಕಿಯರು. ಔಷಧಿ ಡಾಕ್ಟರದ್ದು, ಮಾತು ಕೌನ್ಸೆಲರದ್ದು. ನೂಲು, ಕಡ್ಡಿ, ಚಾ ನಮ್ಮದು. ಈ ಗಡಿ ದಾಟದಿರುವುದೇ ನಮ್ಮ ದೊಡ್ಡ ಕೆಲಸ. "ಯಾಕೆ ಶುರುವಾಯಿತು?" ಎಂದು ಯಾರನ್ನೂ ಕೇಳುವುದಿಲ್ಲ. ತಾವಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇವೆ, ಬುದ್ಧಿ ಹೇಳುವುದಿಲ್ಲ. ಟೀಚರ್ ಆಗಿದ್ದವಳಿಗೆ ಇದು ಎಷ್ಟು ಕಷ್ಟ ಅಂತ ನನಗೇ ಗೊತ್ತು.

ತಲಪಾಡಿ ಗಡಿಯಾಚೆ ಕರ್ನಾಟಕದಿಂದ ಬರುವ ಮದ್ಯದ ಪ್ಯಾಕೆಟ್ ಕುಡಿದು ಗಂಡಸು ರಸ್ತೆ ಬದಿ ಬಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ಹೆಂಗಸಿನ ಕುಡಿತ ಅಡುಗೆಮನೆಯ ಡಬ್ಬಿಯ ಹಿಂದೆ ಅಡಗಿರುತ್ತದೆ. ಟೈಲರಿಂಗ್ ಕ್ಲಾಸಿಗೆ ಅಂತ ಮನೆಯಲ್ಲಿ ಹೇಳಿ ಬರುವವರಿದ್ದಾರೆ. ಹಾಗಾಗಿ ಹಾಜರಿ ಪುಸ್ತಕ ಇಟ್ಟಿಲ್ಲ. ಫೋಟೋ ತೆಗೆಯುವುದಿಲ್ಲ, ದಾನ ಕೊಟ್ಟವರು ಕೇಳಿದರೂ ಇಲ್ಲ. ಒಬ್ಬರು ಬರದೆ ಹೋದರೆ ಫೋನ್ ಮಾಡುವುದು ಕೌನ್ಸೆಲರ್, ನಾವಲ್ಲ. ತಿರುಗಿ ಬಂದಾಗ ಅವರ ಹೆಣಿಗೆಯ ಚೀಲ ಗೋಡೆಯ ಮೊಳೆಯಲ್ಲೇ ಇರುತ್ತದೆ.

ಕುಡಿತ ಬಿಟ್ಟ ಮೊದಲ ದಿನಗಳಲ್ಲಿ ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅದು ಆಸ್ಪತ್ರೆಯ ಕಾಲ. ಡಾಕ್ಟರ್ ಸರಿ ಅಂದ ಮೇಲೆ ಮಾತ್ರ ನಮ್ಮಲ್ಲಿಗೆ. ಆಮೇಲೂ ಸಣ್ಣ ನಡುಕ ಉಳಿದಿರುತ್ತದೆ, ಅದಕ್ಕೆ ದಪ್ಪ ನೂಲು, 6 ಮಿ.ಮೀ. ಕಡ್ಡಿ, 30 ಕುಣಿಕೆ, ಬರೀ ಸೀದಾ ಹೆಣಿಗೆ. ಸ್ಟೀಲ್ ಕಡ್ಡಿ ಇಲ್ಲ, ಬಿದಿರಿನದ್ದು. ಕತ್ತರಿ ಒಂದೇ, ಅದು ನಮ್ಮ ಕೈಯಲ್ಲಿ. ಕಡ್ಡಿಗಳನ್ನು ಕೊಡುವಾಗಲೂ ವಾಪಸ್ ಪಡೆಯುವಾಗಲೂ ಎಣಿಸುತ್ತೇವೆ. ಇದು ನಿಯಮ ಅಂತ ಮೊದಲೇ ಹೇಳಿದರೆ ಯಾರೂ ಬೇಸರ ಮಾಡುವುದಿಲ್ಲ.

ಟೊಪ್ಪಿಯ ಲೆಕ್ಕ ಹೀಗೆ. ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. 4 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ.ಗೆ 20 ಕುಣಿಕೆ ಬಂದರೆ 64 ಕುಣಿಕೆ ಹಾಕಿ, ಎರಡು ಸೀದಾ ಎರಡು ಉಲ್ಟಾ ಹೆಣೆಯುವುದು. ಟೊಪ್ಪಿ ಹಿಗ್ಗಿ ತಲೆಗೆ ಬಿಗಿಯಾಗಿ ಕೂರಬೇಕು, ಹಾಗಾಗಿ 70 ಬೇಡ. ಆದರೆ ಹತ್ತಿ ಉಲ್ಲನಿನಷ್ಟು ಹಿಗ್ಗುವುದಿಲ್ಲ, ಅದಕ್ಕೇ 60ರ ಬದಲು 64. ಚಪ್ಪಟೆಯಾಗಿ ಹೆಣೆದು ಹಿಂದೆ ಹೊಲಿದರಾಯಿತು. ಒಬ್ಬರು ಮಲಯಾಳದಲ್ಲಿ ಒನ್ನು ರಂಡು ಅಂತ, ಇನ್ನೊಬ್ಬರು ತುಳುವಿನಲ್ಲಿ ಒಂಜಿ ರಡ್ಡ್ ಅಂತ ಎಣಿಸುವಾಗ ಪಕ್ಕದವರ ಲೆಕ್ಕ ತಪ್ಪುತ್ತಿತ್ತು. ಈಗ ಹತ್ತು ಕುಣಿಕೆಗೊಂದು ಬಣ್ಣದ ದಾರ ಕಟ್ಟುತ್ತೇವೆ.

ಬೀಡಿ ಕಟ್ಟುವವರು ಎಲ್ಲರಿಗಿಂತ ಬೇಗ ಕಲಿಯುತ್ತಾರೆ, ಎಲೆ ಸುತ್ತಿದ ಬೆರಳು ನೂಲಿನ ಬಿಗಿ ತಾನೇ ಹಿಡಿಯುತ್ತದೆ. ಆದರೆ ಒಂದು ಮಧ್ಯಾಹ್ನ ಇಲ್ಲಿ ಕೂತರೆ ಅವರ ಕೂಲಿ ಕಡಿಮೆಯಾಗುತ್ತದೆ. ಬಸ್ ಚಾರ್ಜ್ ನಾವೇ ಹೊರುತ್ತೇವೆ, ಅದು ಸಾಲದು ಎಂದೂ ಗೊತ್ತಿದೆ. "ಟೀಚರೇ, ಮಾರಬಹುದಲ್ಲ?" ಎಂದು ಕೇಳುತ್ತಾರೆ. ಚಿಕಿತ್ಸೆಯ ಆರಂಭದಲ್ಲಿ ಕೈಗೆ ಬಿಡಿ ಕಾಸು ಸಿಕ್ಕರೆ ಅಪಾಯ ಎಂಬುದು ನನ್ನ ಅಭಿಪ್ರಾಯ. ತಮ್ಮ ದುಡ್ಡನ್ನು ತಾವೇ ನೋಡಿಕೊಳ್ಳುವುದೂ ಚಿಕಿತ್ಸೆಯೇ ಅಲ್ಲವೇ ಅನ್ನುತ್ತಾರೆ ನಮ್ಮಲ್ಲೇ ಒಬ್ಬರು. ಈ ಜಗಳ ಇನ್ನೂ ತೀರ್ಮಾನವಾಗಿಲ್ಲ.

ಮನೆಗೆ ಒಂದು ತುಂಡು ಕೆಲಸ ಕೊಟ್ಟು ಕಳಿಸುವುದಂತೂ ಉಪಯೋಗಕ್ಕೆ ಬಂದಿದೆ. ಹೊತ್ತು ಮುಳುಗುವಾಗಲೇ ಸೆಳೆತ ಹೆಚ್ಚು ಎಂದು ಬಹಳಷ್ಟು ಮಂದಿ ಹೇಳುತ್ತಾರೆ. ಅದು ಅಲೆಯ ಹಾಗೆ ಏರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ ಎನ್ನುತ್ತಾರೆ ಕೌನ್ಸೆಲರ್. ಹೊಸಬರಿಗೆ ನಾಲ್ಕು ಸಾಲು ಟೊಪ್ಪಿಗೆ ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕು. ಹೆಣಿಗೆ ಮದ್ದಲ್ಲ, ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿ ಇದನ್ನು ಹಿಡಿಯಿರಿ ಎಂದು ಯಾರಿಗೂ ಹೇಳಬೇಡಿ.

ನೂಲು ಕೊಡುವವರಿಗೆ ಒಂದು ಮಾತು. ಮನೆಯಲ್ಲಿ ಉಳಿದ ಉಲ್ಲನ್ ಉಂಡೆ ಬೇಡ, ಕೂಸಿನ ಚರ್ಮಕ್ಕೆ ಚುಚ್ಚುತ್ತದೆ. ಮೆತ್ತನೆಯ ಹತ್ತಿ, ತಿಳಿ ಬಣ್ಣ, ಬಿಸಿನೀರಿಗೆ ಬಣ್ಣ ಬಿಡದ್ದು ಸಾಕು. ಮಳೆಗಾಲಕ್ಕೆ ಮೊದಲೇ ಕೊಟ್ಟರೆ ಒಳ್ಳೆಯದು. ಜೂನ್ ಬಂತೆಂದರೆ ಚೀಲದಲ್ಲಿಟ್ಟ ನೂಲಿಗೆ ಬೂಸ್ಟು ಹಿಡಿಯುತ್ತದೆ, ಸ್ಟೀಲ್ ಡಬ್ಬಿಗಳನ್ನು ಈಗಲೇ ತೊಳೆದಿಟ್ಟಿದ್ದೇವೆ.